ತೋಪೆ ಬಂತು, ನಿಧಾನ!

ಮಕ್ಕಳೇ, ಈ ವಾರ ನಿಮ್ಮನ್ನು ದೂರದ ದೇಶವೊಂದರ ರಸ್ತೆಗೆ ಕರೆದುಕೊಂಡು ಹೋಗುತ್ತೇನೆ. ಭೂಪಟ ತೆಗೆದು ನೋಡಿ. ಅಮೆರಿಕದ ಕೆಳಗೆ ಆನೆಯ ಸೊಂಡಿಲಿನಂತೆ ಬಾಗಿ ಇಳಿದಿರುವ ದೇಶ ಮೆಕ್ಸಿಕೋ. ಎಡಕ್ಕೆ ಉದ್ದನೆಯ ಪಟ್ಟಿಯ ಹಾಗೆ ಜೋತುಬಿದ್ದಿರುವುದು ಬಾಹಾ ಕ್ಯಾಲಿಫೋರ್ನಿಯಾ. ಆ ಪಟ್ಟಿಯನ್ನು ಬಿಟ್ಟು ಉಳಿದ ದೊಡ್ಡ ಭಾಗದ ಮಾತು ಇದು.

ನನ್ನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಎರಡು ವರ್ಷದ ಹಿಂದೆ ಡಿಸೆಂಬರ್ ರಜೆಯಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ನನ್ನಾಕೆ ಮತ್ತು ನಾನು ಅವನ ಕಾರಿನಲ್ಲಿ ಮೆಕ್ಸಿಕೋಗೆ ಹೊರಟೆವು. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ಹಿರಿಯರಿಗೆ ಒಂದು ಮಾತು: ಭಾರತದ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಕಿಲ್ಲ.

ನಮಗಿಂತ ಕಾರಿನ ಕಾಗದಪತ್ರವೇ ಹೆಚ್ಚು. ಹೊರದೇಶದ ಗಾಡಿಗೆ ತಾತ್ಕಾಲಿಕ ಪರವಾನಗಿ ಬೇಕು. ಅದನ್ನು ಕೊಡುವುದು ಯಾರು ಗೊತ್ತೇ? ಒಂದು ಬ್ಯಾಂಕು! ಮೆಕ್ಸಿಕೋ ಸೇನೆಯ ಬ್ಯಾಂಕು, ಹೆಸರು ಬಾನ್‌ಹೆರ್ಸಿತೊ. ಜೀವನವಿಡೀ ಕೌಂಟರಿನ ಒಳಗಡೆ ಕೂತವನಿಗೆ ಗಡಿಯಲ್ಲೂ ಕೌಂಟರು ಕಂಡು ತವರಿಗೆ ಬಂದಂತಾಯಿತು. 2007ರ ನಂತರದ ಕಾರಾದರೆ 400 ಡಾಲರ್ ಠೇವಣಿ ಇಡಬೇಕು. ಪರವಾನಗಿ 180 ದಿನ ನಡೆಯುತ್ತದೆ. ಅವಧಿಯೊಳಗೆ ಗಾಡಿ ಹೊರಗೆ ತಂದು ಪರವಾನಗಿ ರದ್ದು ಮಾಡಿಸಿದರೆ ಠೇವಣಿ ವಾಪಸ್, ಮರೆತರೆ ಮುಟ್ಟುಗೋಲು. ಕಾರಿನ ಸಾಲ ತೀರಿಲ್ಲದಿದ್ದರೆ ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಬಾಹಾ ಪಟ್ಟಿಗೆ ಮಾತ್ರ ಇದೆಲ್ಲ ಬೇಡ.

ವಿಮೆಯೂ ಹಾಗೆಯೇ. ಅಮೆರಿಕದ ಕಾರು ವಿಮೆ ಅಲ್ಲಿ ನಡೆಯುವುದಿಲ್ಲ, ಮೆಕ್ಸಿಕೋದ ವಿಮೆಯನ್ನೇ ಮಾಡಿಸಬೇಕು. ವಿಮೆಯಿಲ್ಲದೆ ಅಪಘಾತವಾದರೆ ತಪ್ಪು ಯಾರದೆಂದು ತೀರ್ಮಾನವಾಗುವವರೆಗೆ ಪೊಲೀಸರು ಚಾಲಕನನ್ನು ಹಿಡಿದಿಟ್ಟುಕೊಳ್ಳಬಹುದು.

ಇನ್ನು ರಸ್ತೆಗೆ ಬರೋಣ. ಅಲ್ಲಿ ಗಾಡಿ ಓಡುವುದು ಬಲಗಡೆ. ಹೆದ್ದಾರಿಗಳಲ್ಲಿ ಎರಡು ಜಾತಿ. ‘ಕ್ವೋತಾ’ ಎಂದರೆ ಟೋಲ್ ಕಟ್ಟುವ ರಸ್ತೆ: ನುಣುಪು, ಅಗಲ. ‘ಲಿಬ್ರೆ’ ಎಂದರೆ ಬಿಟ್ಟಿ ರಸ್ತೆ: ಊರೂರು ಹೊಕ್ಕು ಹೋಗುತ್ತದೆ, ಗುಂಡಿಗಳೂ ಸಿಗುತ್ತವೆ. ಟೋಲ್ ಗೇಟಿನಲ್ಲಿ ಎಲ್ಲ ಕಡೆ ಕಾರ್ಡು ನಡೆಯುವುದಿಲ್ಲ, ಕೈಯಲ್ಲಿ ಪೆಸೊ ಚಿಲ್ಲರೆ ಇರಲಿ. ಫಲಕದಲ್ಲಿ ಡಾಲರ್ ಗುರುತು ಕಂಡು ಎದೆ ಒಡೆದುಕೊಳ್ಳಬೇಡಿ. ಪೆಸೊಗೂ ಅದೇ ಗುರುತು. ಟೋಲ್ ರಸೀದಿಯನ್ನು ಎಸೆಯಬಾರದು, ಆ ರಸ್ತೆಯಲ್ಲಿ ಅವಘಡವಾದರೆ ವಿಮೆಗೆ ಅದು ಬೇಕಾಗುತ್ತದೆ. ರಸೀದಿ ಜೋಡಿಸಿಡುವ ಕೆಲಸ ನನ್ನದಾಗಿತ್ತು.

ಕ್ವೋತಾ ರಸ್ತೆಗಳಲ್ಲಿ ಒಂದು ಅದ್ಭುತವೂ ಇದೆ. ದುರಾಂಗೊ ಮತ್ತು ಮಸಾತ್ಲಾನ್ ನಡುವಿನ ಬಾಲುವಾರ್ತೆ ಸೇತುವೆ ಕೆಳಗಿನ ನದಿಯಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ನಮ್ಮ ಜೋಗ 253 ಮೀಟರ್! ಹಳೆಯ ರಸ್ತೆ ‘ಸೈತಾನನ ಬೆನ್ನುಮೂಳೆ’ ಎಂಬ ಹೆಸರಿನ ಬೆಟ್ಟದ ಅಂಚಿನಲ್ಲಿ ಸುತ್ತಿ ಸುತ್ತಿ ಹೋಗುತ್ತಿತ್ತು.

ಊರೊಳಗಿನ ರಸ್ತೆಯಲ್ಲಿ ರಾಜ ಎಂದರೆ ‘ತೋಪೆ’. ಅಂದರೆ ನಮ್ಮ ಹಂಪ್ಸ್. ಊರು ಶುರುವಾಗುವಲ್ಲಿ ಒಂದು, ಮುಗಿಯುವಲ್ಲಿ ಒಂದು, ಶಾಲೆಯ ಮುಂದೆ ಇನ್ನೊಂದು. ಕೆಲವಕ್ಕೆ ಬಣ್ಣವೂ ಇಲ್ಲ, ಫಲಕವೂ ಇಲ್ಲ. ಅದಕ್ಕೇ ಎಂಟು ವರ್ಷದ ಮೊಮ್ಮಗಳಿಗೆ ಕಾವಲು ಕೆಲಸ ಕೊಟ್ಟೆವು. ಅವಳು “ತೋಪೆ!” ಎಂದು ಕೂಗಿದರೆ ಅವಳಪ್ಪ ಬ್ರೇಕು ಒತ್ತಬೇಕು. ಇನ್ನೂ ಕೆಲವು ಪದ ಕಲಿತೆವು. ‘ಆಲ್ತೊ’ ಎಂದರೆ ನಿಲ್ಲು. ‘ದೆಸ್ಪಾಸಿಯೊ’ ಎಂದರೆ ನಿಧಾನ. ‘ಪೆಲಿಗ್ರೊ’ ಎಂದರೆ ಅಪಾಯ. ‘ಪುವೆಂತೆ ಅಂಗೊಸ್ತೊ’ ಎಂದರೆ ಕಿರು ಸೇತುವೆ. ಅಲ್ಲಿ ಎದುರಿನವನು ಮೊದಲು ದೀಪ ಮಿನುಗಿಸಿದರೆ ಅವನಿಗೆ ದಾರಿ ಬಿಡಬೇಕು. ಮುಂದಿನ ಲಾರಿ ಎಡ ಇಂಡಿಕೇಟರ್ ಹಾಕಿದರೆ ‘ದಾರಿ ಖಾಲಿ, ಮುಂದೆ ಹೋಗು’ ಎಂದೂ ಇರಬಹುದು, ‘ನಾನು ಎಡಕ್ಕೆ ತಿರುಗುತ್ತೇನೆ’ ಎಂದೂ ಇರಬಹುದು. ಖಚಿತವಾಗದೆ ನುಗ್ಗಬಾರದು.

ಪೆಟ್ರೋಲ್ ಬಂಕಿನಲ್ಲಿ ನಮ್ಮಲ್ಲಿಯ ಹಾಗೆ ಹುಡುಗರೇ ಪೆಟ್ರೋಲ್ ಹಾಕುತ್ತಾರೆ. ಮೀಟರು ಸೊನ್ನೆಯಲ್ಲಿದೆಯೇ ಎಂದು ಅಲ್ಲೂ ನೋಡಿಕೊಳ್ಳಬೇಕು. ಹಸಿರು ಪಂಪು ಸಾಧಾರಣ ಪೆಟ್ರೋಲು, ಕೆಂಪು ಪ್ರೀಮಿಯಂ, ಕಪ್ಪು ಡೀಸೆಲ್.

ಎಲ್ಲಕ್ಕಿಂತ ದೊಡ್ಡ ನಿಯಮ: ಕತ್ತಲಾದ ಮೇಲೆ ಊರಿನಿಂದ ಊರಿಗೆ ಗಾಡಿ ಓಡಿಸಬಾರದು. ದನಕರು ರಸ್ತೆಗೆ ಬರುತ್ತವೆ, ದೀಪವಿಲ್ಲದ ಗಾಡಿ ನಿಂತಿರುತ್ತದೆ, ತೋಪೆ ಕಾಣುವುದಿಲ್ಲ. ಕೆಲವು ಕಡೆ ದರೋಡೆಯ ಭಯವೂ ಉಂಟು.

ನಮಗೆ ಈ ನಿಯಮದ ಪರೀಕ್ಷೆ ಎರಡನೆಯ ದಿನವೇ ಬಂತು. ಮೊಂತೆರೆಯ್ ಬಿಟ್ಟು 57ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುತ್ತಿದ್ದೆವು. ಸುತ್ತ ಬಯಲುಸೀಮೆ, ಅಲ್ಲಲ್ಲಿ ಕಳ್ಳಿಗಿಡ. ಮಧ್ಯಾಹ್ನ ಮೂರೂವರೆಗೆ ಹಿಂದಿನ ಟೈರು ಪಂಕ್ಚರಾಯಿತು. ಸ್ಟೆಪ್ನಿ ಇತ್ತು, ಆದರೆ ಚಕ್ರದ ಒಂದು ನಟ್ಟು ಬಿಗಿದು ಕೂತುಬಿಟ್ಟಿತ್ತು. ಮಗ 078ಕ್ಕೆ ಫೋನ್ ಮಾಡಿದ. ಅದು ‘ಹಸಿರು ದೇವತೆಗಳ’ ನಂಬರು. ಮೆಕ್ಸಿಕೋದ ಪ್ರವಾಸೋದ್ಯಮ ಇಲಾಖೆಯವರು ಹಸಿರು ಟ್ರಕ್ಕುಗಳಲ್ಲಿ ಹೆದ್ದಾರಿಯಲ್ಲಿ ಗಸ್ತು ತಿರುಗುತ್ತಾ, ಕೆಟ್ಟು ನಿಂತ ಗಾಡಿಗಳನ್ನು ರಿಪೇರಿ ಮಾಡಿಕೊಡುತ್ತಾರೆ. ಕೂಲಿ ಇಲ್ಲ, ಬಿಡಿಭಾಗಕ್ಕೂ ಪೆಟ್ರೋಲಿಗೂ ಮಾತ್ರ ದುಡ್ಡು. ಆದರೆ ಅವರ ಗಸ್ತು ಹಗಲಿನಲ್ಲಿ.

ಮುಕ್ಕಾಲು ಗಂಟೆಯಲ್ಲಿ ಹಸಿರು ಟ್ರಕ್ಕು ಬಂತು. ಆತ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಒಂದೇ ಸಲ ಅದುಮಿದ, ನಟ್ಟು ಕಿರ್ರೆಂದು ಬಿಟ್ಟಿತು. ಮೊಮ್ಮಗ ಕೋಡುಬಳೆಯ ಡಬ್ಬಿ ಹಿಡಿದ. ಆತ ಒಂದು ತಿಂದು, ಖಾರಕ್ಕೆ ತಲೆದೂಗಿ, ಇನ್ನೊಂದು ಕೇಳಿ ತೆಗೆದುಕೊಂಡ. ಅವರೂ ಮೆಣಸಿನಕಾಯಿ ದೇಶದವರಲ್ಲವೇ!

ಮಾತೆಹ್ವಾಲ ಎಂಬ ಊರು ಸೇರಿದಾಗ ಐದೂವರೆ. ಸೂರ್ಯ ಮುಳುಗಲು ಅರ್ಧ ಗಂಟೆ. ಹೋಟೆಲು ಕಾದಿರಿಸಿದ್ದ ಸಾನ್ ಲೂಯಿಸ್ ಪೊತೊಸಿ ಇನ್ನೂ ಎರಡು ಗಂಟೆಯ ದಾರಿ.

“ಅಪ್ಪಾ, ದುಡ್ಡು ಕಟ್ಟಿಯಾಗಿದೆ, ವಾಪಸ್ ಬರೋದಿಲ್ಲ. ಎರಡೇ ಗಂಟೆ” ಎಂದ ಮಗ.

“ಸ್ಟೆಪ್ನಿ ಆಗಲೇ ಚಕ್ರದಲ್ಲಿದೆ. ಇನ್ನೊಂದು ಟೈರು ಹೋದರೆ ಕತ್ತಲೆಯಲ್ಲಿ ಯಾರು ಬರ್ತಾರಪ್ಪ? ಆ ದುಡ್ಡನ್ನು ಖರ್ಚಿಗೆ ಬರೆದುಬಿಡು” ಎಂದೆ.

“ಮಾವ ಹೇಳೋದು ಸರಿ” ಎಂದಳು ಸೊಸೆ. ಮಗ ಒಂದು ಕ್ಷಣ ರಸ್ತೆ ನೋಡಿದ. ಆಮೇಲೆ ಕಾರನ್ನು ಊರೊಳಗೆ ತಿರುಗಿಸಿದ. ರಾತ್ರಿ ಸಾಧಾರಣ ಲಾಡ್ಜಿನಲ್ಲಿ ಮಲಗಿ, ಬೆಳಿಗ್ಗೆ ಟೈರಿಗೆ ಪಂಕ್ಚರ್ ಹಾಕಿಸಿ, ಬಿಸಿಲೇರುವ ಮುಂಚೆ ಹೊರಟೆವು.

ಕೊನೆಗೆ ಮಕ್ಕಳಿಗೊಂದು ಆಟ. ಮೆಕ್ಸಿಕೋ ನಗರದಲ್ಲಿ ಹೊಗೆ ತಗ್ಗಿಸಲು 1989ರಿಂದ ಒಂದು ಕಾನೂನಿದೆ. ಅದರಂತೆ ಅನೇಕ ಗಾಡಿಗಳು ವಾರಕ್ಕೊಂದು ದಿನ ಮನೆಯಲ್ಲೇ ಇರಬೇಕು. ನಂಬರ್ ಪ್ಲೇಟಿನ ಕೊನೆಯ ಅಂಕಿ 5 ಅಥವಾ 6 ಇದ್ದರೆ ಸೋಮವಾರ, 7 ಅಥವಾ 8 ಇದ್ದರೆ ಮಂಗಳವಾರ, 3 ಅಥವಾ 4 ಇದ್ದರೆ ಬುಧವಾರ, 1 ಅಥವಾ 2 ಇದ್ದರೆ ಗುರುವಾರ, 9 ಅಥವಾ 0 ಇದ್ದರೆ ಶುಕ್ರವಾರ. ನಿಮ್ಮ ಬೀದಿಯ ಗಾಡಿಗಳ ನಂಬರು ಬರೆದುಕೊಂಡು, ಯಾವ ದಿನ ಹೆಚ್ಚು ಗಾಡಿಗಳಿಗೆ ರಜೆ ಸಿಗುತ್ತಿತ್ತೆಂದು ಲೆಕ್ಕ ಹಾಕಿ. ಅಜ್ಜ ಅಜ್ಜಿಯರು ಲೆಕ್ಕ ತಾಳೆ ನೋಡಲಿ.