ಮನೆಯ ವಾಹನ: ಟರ್ಬೊ ಕಾರಿಗೆ ತಕ್ಕ ಎಣ್ಣೆ



ನಮ್ಮ ಅಜ್ಜಂದಿರ ಕಾಲದಲ್ಲಿ ಜಾತ್ರೆಗೆ ಚಕ್ಕಡಿ ಹೂಡುವ ಮುನ್ನ ಗಾಲಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುವುದು ತಪ್ಪದ ನಿಯಮವಾಗಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಬೆರೆಸಿದರೆ ಎಣ್ಣೆ ಸಿದ್ಧ. ಎತ್ತಿನ ನಡಿಗೆಗೆ ಅದು ಧಾರಾಳವಾಗಿ ಸಾಕಾಗುತ್ತಿತ್ತು. ಇಂದು ನಮ್ಮ ಎಷ್ಟೋ ಮನೆಗಳ ಅಂಗಳದಲ್ಲಿ ಯುರೋಪಿನ ಕಂಪನಿಗಳ ಟರ್ಬೊ ಕಾರುಗಳು ನಿಂತಿವೆ. ಸ್ಕೋಡಾ ಕಾರುಗಳು 2001ರಲ್ಲಿ ಭಾರತಕ್ಕೆ ಬಂದವು. ಪುಣೆಯ ಸಮೀಪದ ಚಾಕಣದಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆ 2009ರಲ್ಲಿ ಆರಂಭವಾಯಿತು. ಒಮ್ಮೆ ನಗರದಲ್ಲಿ ಓಡಿದ ಕಾರುಗಳು ಕೈಯಿಂದ ಕೈಗೆ ಸಾಗಿ ತಾಲ್ಲೂಕು ಊರುಗಳಿಗೂ ತಲುಪಿವೆ. ಆದರೆ ಕಾರು ಬಂದಷ್ಟು ಸುಲಭವಾಗಿ ಅದರ ತಿಳುವಳಿಕೆ ಬರಲಿಲ್ಲ. ಇದಕ್ಕೆ ನಾನೇ ಸಾಕ್ಷಿ.

2017ರಲ್ಲಿ ನನ್ನ ತಮ್ಮ ಇಂತಹದೊಂದು ಡೀಸೆಲ್ ಕಾರನ್ನು ಎರಡನೆಯ ಕೈಯಲ್ಲಿ ಕೊಂಡನು. ಎಣ್ಣೆ ಬದಲಿಸುವ ಸಮಯ ಬಂದಾಗ ನನ್ನನ್ನು ಕೇಳಿದನು. “ನಮ್ಮದು ಬಿಸಿಲ ಸೀಮೆ. ತೆಳ್ಳಗಿನ ಎಣ್ಣೆ ನೀರಾಗಿ ಹೋಗುತ್ತದೆ. ದಪ್ಪನೆಯದನ್ನು ಹಾಕಿಸು, ಹಣವೂ ಉಳಿಯುತ್ತದೆ” ಎಂದು ಹಿರಿಯನ ಠೀವಿಯಿಂದ ಹೇಳಿದೆನು. ಗ್ಯಾರೇಜಿನವರೂ ಹೌದೆಂದರು. 20ಡಬ್ಲ್ಯೂ-50 ದರ್ಜೆಯ ಸಾದಾ ಖನಿಜ ತೈಲ ಒಳಗೆ ಹೋಯಿತು. ಮರುವರ್ಷ ಬಸವ ಜಯಂತಿಯ ನಂತರ ಮನೆಯವರೆಲ್ಲ ಕೂಡಲಸಂಗಮಕ್ಕೆ ಹೊರಟೆವು. ನರಗುಂದ ದಾಟಿದ ಮೇಲೆ ಎಂಜಿನ್ನಿನಿಂದ ಸಿಳ್ಳಿನಂತಹ ಸದ್ದು ಕೇಳಿತು, ಎಳೆತ ಕುಸಿಯಿತು, ಹಿಂದೆ ನೀಲಿ ಹೊಗೆ ಎದ್ದಿತು. ತಮ್ಮ ಕೂಡಲೇ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದ್ದೇ ಪುಣ್ಯ. ಟರ್ಬೊ ಕೆಟ್ಟು ಎಣ್ಣೆಯು ಗಾಳಿಯ ದಾರಿಗೆ ಇಳಿದರೆ ಡೀಸೆಲ್ ಎಂಜಿನ್ ಅದನ್ನೇ ಉರಿಸುತ್ತ, ಕೀಲಿ ತಿರುವಿದರೂ ನಿಲ್ಲದೆ ಓಡಿ ತನ್ನನ್ನೇ ಮುರಿದುಕೊಳ್ಳಬಲ್ಲದು ಎಂಬುದು ಆಮೇಲೆ ತಿಳಿಯಿತು. ಟರ್ಬೊಗೆ ಎಣ್ಣೆ ಒಯ್ಯುವ ಸಣ್ಣ ಕೊಳವೆ ಇದ್ದಿಲಿನಂತಹ ಕಿಟ್ಟದಿಂದ ಕಟ್ಟಿಹೋಗಿತ್ತು. ಹೊಸ ಟರ್ಬೊಗೆ ಸುಮಾರು ಎಂಬತ್ತು ಸಾವಿರ ರೂಪಾಯಿ ಬಿದ್ದಿತು. ಅದು ಮಗಳ ಕಾಲೇಜು ಶುಲ್ಕಕ್ಕೆಂದು ಎತ್ತಿಟ್ಟಿದ್ದ ಹಣ. ತಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತೇನೋ. ಅಂದಿನಿಂದ ಈ ವಿಷಯವನ್ನು ಓದಿ, ತಿಳಿದವರನ್ನು ಕೇಳಿ ಅರಿತುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಟರ್ಬೊ ಎಂದರೇನು?

ಎಂಜಿನ್ ಹೊರಬಿಡುವ ಬಿಸಿ ಹೊಗೆಯಲ್ಲಿ ಸಾಕಷ್ಟು ಶಕ್ತಿ ವ್ಯರ್ಥವಾಗುತ್ತದೆ. ಆ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರ್ 1905ರಲ್ಲಿ ಪೇಟೆಂಟ್ ಪಡೆದನು. ಚಿಕ್ಕ ಎಂಜಿನ್ನಿನಿಂದ ದೊಡ್ಡ ಎಂಜಿನ್ನಿನ ಕೆಲಸ ತೆಗೆಯಲು ಇಂದು ಎಲ್ಲರೂ ಅದನ್ನೇ ನೆಚ್ಚಿದ್ದಾರೆ.

ಕಾರಿನ ಟರ್ಬೊದ ದಂಡವು ಪೂರ್ಣ ವೇಗದಲ್ಲಿ ನಿಮಿಷಕ್ಕೆ ಒಂದೂವರೆ ಲಕ್ಷದಿಂದ ಎರಡು ಲಕ್ಷ ಸುತ್ತು ತಿರುಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಅದಕ್ಕೆ ತಾಗುವ ಹೊಗೆಯ ಶಾಖ 900 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಬಲ್ಲದು. ಸಾಮಾನ್ಯವಾಗಿ ಈ ದಂಡವು ಲೋಹದ ಮೇಲೆ ಕೂರದೆ ಎಣ್ಣೆಯ ತೆಳುಪೊರೆಯ ಮೇಲೆ ತೇಲುತ್ತದೆ. ಆ ಎಣ್ಣೆಯೇ ಅದಕ್ಕೆ ಆಸರೆ, ಅದೇ ತಂಪು. ಕೆಲವು ಕ್ಷಣ ಎಣ್ಣೆ ತಡವಾದರೂ, ಎಣ್ಣೆ ಬೆಂದು ಇದ್ದಿಲಾದರೂ ಮೊದಲು ಬಲಿಯಾಗುವುದು ಈ ದಂಡವೇ.

ಬಿಸಿಲ ಸೀಮೆಯ ತಪ್ಪು ಲೆಕ್ಕ

ಡಬ್ಬಿಯ ಮೇಲೆ 5ಡಬ್ಲ್ಯೂ-40 ಎಂದಿದ್ದರೆ, ‘ಡಬ್ಲ್ಯೂ’ ಎಂಬುದು ಇಂಗ್ಲಿಷಿನಲ್ಲಿ ಚಳಿಗಾಲದ ಮೊದಲಕ್ಷರ. ಮೊದಲ ಅಂಕಿ ಚಿಕ್ಕದಾದಷ್ಟೂ ಎಣ್ಣೆ ತಣ್ಣಗಿರುವಾಗ ಬೇಗ ಹರಿಯುತ್ತದೆ. ಎರಡನೆಯ ಅಂಕಿಯು ಎಣ್ಣೆ 100 ಡಿಗ್ರಿಗೆ ಕಾದಾಗ ಎಷ್ಟು ದಪ್ಪವಾಗಿ ಉಳಿಯುತ್ತದೆ ಎಂಬುದರ ಗುರುತು.

ನಾನು ಎಡವಿದ್ದು ಇಲ್ಲಿಯೇ. ಹೊರಗೆ 25 ಡಿಗ್ರಿ ಇರಲಿ, 40 ಡಿಗ್ರಿ ಇರಲಿ, ಓಡುವ ಎಂಜಿನ್ನಿನೊಳಗಿನ ಎಣ್ಣೆ ಸುಮಾರು 100 ಡಿಗ್ರಿಯ ಆಸುಪಾಸಿನಲ್ಲೇ ಇರುವಂತೆ ತಂಪುಕಾರಕ ವ್ಯವಸ್ಥೆ ನೋಡಿಕೊಳ್ಳುತ್ತದೆ. ಜರ್ಮನಿಯ ಎಂಜಿನ್ನಿಗೂ ವಿಜಯಪುರದ ಎಂಜಿನ್ನಿಗೂ ಒಳಗಿನ ಬಿಸಿಲು ಹೆಚ್ಚುಕಡಿಮೆ ಒಂದೇ. ಎಂಜಿನ್ ಸವೆಯುವುದರಲ್ಲಿ ದೊಡ್ಡ ಪಾಲು ಬೆಳಗಿನ ಮೊದಲ ಕ್ಷಣಗಳದು. ಆಗ ದಪ್ಪ ಎಣ್ಣೆ ಟರ್ಬೊವನ್ನು ಮುಟ್ಟುವುದು ನಿಧಾನ. ಸಾಲದುದಕ್ಕೆ, ಆ ಕಾರಿಗೆ 15,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸುವ ಪದ್ಧತಿಯಿತ್ತು. ಆ ಅವಧಿಯನ್ನು ನಿಗದಿಪಡಿಸಿದ್ದು ಶಾಖಕ್ಕೆ ಬೇಗ ಕೆಡದ ಎಣ್ಣೆಯನ್ನು ನಂಬಿ. ಸಾದಾ ಎಣ್ಣೆಯನ್ನು ಅಷ್ಟು ದೂರ ಓಡಿಸಿದ್ದು ನಮ್ಮ ಎರಡನೆಯ ತಪ್ಪು.

ಹಾಗಾದರೆ ನೋಡಬೇಕಾದುದು ಯಾವುದನ್ನು?

ದಪ್ಪ-ತೆಳುವಿನ ಅಂಕಿ ಅರ್ಧ ಮಾತು ಮಾತ್ರ. ಯುರೋಪಿನ ವಾಹನ ತಯಾರಕರ ಸಂಘವಾದ ಎಸಿಇಎ 1996ರಿಂದ ಎಣ್ಣೆಯ ಗುಣಮಟ್ಟವನ್ನು ವರ್ಗಗಳಾಗಿ ವಿಂಗಡಿಸುತ್ತ ಬಂದಿದೆ. ಎ3/ಬಿ4 ಎಂಬುದು ಗಟ್ಟಿ ಪೊರೆಯ ಎಣ್ಣೆ. ‘ಸಿ’ ವರ್ಗದ ಎಣ್ಣೆಗಳು ಉರಿದಾಗ ಕಡಿಮೆ ಬೂದಿ ಬಿಡುವಂಥವು. ಭಾರತದಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಸೋಸುಕ ಸಾಮಾನ್ಯವಾಯಿತು. ಮಸಿ ಒಳಗೇ ಉರಿದುಹೋಗುತ್ತದೆ. ಎಣ್ಣೆಯ ಬೂದಿ ಹೋಗುವುದಿಲ್ಲ. ಹೆಚ್ಚು ಬೂದಿಯ ಎಣ್ಣೆ ಹಾಕಿದರೆ ದುಬಾರಿ ಸೋಸುಕ ಕಟ್ಟಿಕೊಳ್ಳುತ್ತದೆ.

ಇದಕ್ಕೂ ಮೇಲೆ ಪ್ರತಿ ಕಂಪನಿಗೂ ತನ್ನದೇ ಅನುಮೋದನೆಯ ಸಂಖ್ಯೆಯುಂಟು. ಫೋಕ್ಸ್‌ವ್ಯಾಗನ್ ಬಳಗದಲ್ಲಿ ಪೆಟ್ರೋಲಿಗೆ 502 00, ಕೆಲವು ಹಳೆಯ ಡೀಸೆಲ್‌ಗಳಿಗೆ 505 01, ಸೋಸುಕವಿರುವ ಡೀಸೆಲ್‌ಗಳಿಗೆ 507 00 ಎಂಬಂಥವು. ಮರ್ಸಿಡಿಸ್ ಬೆಂಜ್‌ಗೆ 229.5, 229.52, ಬಿಎಂಡಬ್ಲ್ಯೂಗೆ ಲಾಂಗ್‌ಲೈಫ್-01, ಲಾಂಗ್‌ಲೈಫ್-04. ನಿಮ್ಮ ಕಾರಿನ ಸಂಖ್ಯೆ ಯಾವುದೆಂಬುದು ಕಾರಿನ ಜೊತೆ ಬಂದ ಕೈಪಿಡಿಯಲ್ಲಿದೆ. ಅದೇ ಸಂಖ್ಯೆ ಡಬ್ಬಿಯ ಹಿಂಬದಿಯಲ್ಲಿ ಇರಬೇಕು. ಈ ಒಂದು ಹೊಂದಾಣಿಕೆಯೇ ಇಂದಿನ ಲೇಖನದ ಸಾರ.

ಹೊಸ ಸಂಖ್ಯೆ, ಹೆಚ್ಚಿನ ಬೆಲೆ ಎಂದರೆ ಹೆಚ್ಚು ಒಳ್ಳೆಯದೆಂದು ಭಾವಿಸಬಾರದು. ಫೋಕ್ಸ್‌ವ್ಯಾಗನ್ 508 00 ಎಂಬುದು 0ಡಬ್ಲ್ಯೂ-20 ದರ್ಜೆಯ ಬಲು ತೆಳು ಎಣ್ಣೆ. ಅದಕ್ಕೆಂದೇ ರೂಪಿಸಿದ ಎಂಜಿನ್‌ಗಳಲ್ಲಿ ಇಂಧನ ಉಳಿಸುತ್ತದೆ. 502 00 ಕೇಳುವ ಹಳೆಯ ಎಂಜಿನ್ನಿಗೆ ಅದು ಸಲ್ಲದು. ದಪ್ಪ ಎಣ್ಣೆ ಒಂದು ಅತಿಯಾದರೆ ಇದು ಇನ್ನೊಂದು ಅತಿ.

‘ಫುಲ್ ಸಿಂಥೆಟಿಕ್’ ಎಂಬ ಬಿರುದು ಅನುಮೋದನೆಯಲ್ಲ. ‘ಇಂತಹ ಕಾರುಗಳಿಗೆ ಸೂಕ್ತ’ ಎಂಬುದು ಮಾರುವವರ ಮಾತು. ‘ಅನುಮೋದಿತ’ ಎಂದು ಸಂಖ್ಯೆಸಹಿತ ಬರೆದಿದ್ದರೆ ಕಾರಿನ ಕಂಪನಿ ಒಪ್ಪಿದೆಯೆಂದು ಅರ್ಥ. ಪೆಟ್ರೋಲ್ ಟರ್ಬೊ ಇರುವವರು ಇನ್ನೊಂದನ್ನು ಗಮನಿಸಬೇಕು. ಮೇಲಿನ ಗೇರಿನಲ್ಲಿ, ಕಡಿಮೆ ವೇಗದಲ್ಲಿ, ಏರು ಹತ್ತಿಸುವಾಗ ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯುವ ದೋಷವೊಂದುಂಟು. ಎಣ್ಣೆಗೆ ಬೆರೆಸುವ ಕ್ಯಾಲ್ಸಿಯಂ ಸಂಯುಕ್ತಗಳು ಹೆಚ್ಚಾದರೆ ಈ ದೋಷ ಹೆಚ್ಚುತ್ತದೆ. 2020ರಲ್ಲಿ ಬಂದ ಅಮೆರಿಕದ ಎಪಿಐ ಎಸ್‌ಪಿ ದರ್ಜೆಯಲ್ಲಿ ಇದಕ್ಕೆಂದೇ ಪರೀಕ್ಷೆಯಿದೆ. ಕೈಪಿಡಿಯ ಸಂಖ್ಯೆಯೊಂದಿಗೆ ಇದೂ ಇದ್ದರೆ ಲೇಸು.

ಮನೆಯವರು ಪಾಲಿಸಬೇಕಾದ ಕೆಲವು ನಿಯಮಗಳು

ಎಣ್ಣೆಯನ್ನು ಅಧಿಕೃತ ಮಾರಾಟಗಾರರಲ್ಲೇ ಕೊಂಡು ರಸೀದಿ ಪಡೆಯಿರಿ. ಮುಚ್ಚಳದ ಮುದ್ರೆಯನ್ನು ನಿಮ್ಮ ಕಣ್ಣೆದುರು ಒಡೆಯಲಿ. ಖಾಲಿ ಡಬ್ಬಿಗೆ ತೂತು ಹೊಡೆದು ಬಿಡಿ. ನಕಲಿ ಎಣ್ಣೆ ತುಂಬುವವರಿಗೆ ಅದು ಒದಗದಿರಲಿ.

ಬೆಳಗ್ಗೆ ಎಂಜಿನ್ ಚಾಲೂ ಮಾಡಿದೊಡನೆ ಜೋರಾಗಿ ಅರಚಿಸಬೇಡಿ. ಮೊದಲ ಕೆಲವು ಕಿಲೋಮೀಟರು ಮೆಲ್ಲಗೆ ಸಾಗಿ. ಘಟ್ಟ ಹತ್ತಿದ ಮೇಲೆ, ಹೆದ್ದಾರಿಯಲ್ಲಿ ವೇಗವಾಗಿ ಬಂದ ಮೇಲೆ ತಟ್ಟನೆ ಬಂದ್ ಮಾಡದೆ ಒಂದು ನಿಮಿಷ ಸುಮ್ಮನೆ ನಡೆಯಲು ಬಿಡಿ. ಕಾದ ಟರ್ಬೊದಲ್ಲಿ ನಿಂತ ಎಣ್ಣೆಯೇ ಬೆಂದು ಕಿಟ್ಟವಾಗುವುದು.

ತಿಂಗಳಿಗೊಮ್ಮೆ ಸಮತಟ್ಟಾದ ನೆಲದಲ್ಲಿ ಎಣ್ಣೆಯ ಮಟ್ಟ ನೋಡಿ. ಕೆಳಗಿನ ಗುರುತಿಗಿಂತ ಇಳಿಯುವುದು ಹೇಗೆ ಕೆಡುಕೋ, ಮೇಲಿನ ಗುರುತು ಮೀರುವುದೂ ಹಾಗೆಯೇ ಕೆಡುಕು. ಎಣ್ಣೆಯೊಡನೆ ಫಿಲ್ಟರನ್ನೂ ಬದಲಿಸಿ. ಕಿಲೋಮೀಟರು ಆಗದಿದ್ದರೂ ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ಧೂಳಿನ ಹಾದಿ, ಅಂಗಡಿಗೂ ಮಠಕ್ಕೂ ಮಾತ್ರ ಹೋಗಿಬರುವ ಚಿಕ್ಕ ಓಡಾಟ ಇದ್ದವರು ಅವಧಿಗೂ ಮುನ್ನವೇ ಬದಲಿಸಲಿ. ಎಂಜಿನ್ ಪೂರ್ಣ ಕಾಯದಿದ್ದರೆ ಇಂಧನವೂ ತೇವವೂ ಎಣ್ಣೆಗೆ ಬೆರೆಯುತ್ತವೆ. ತೆಗೆದ ಹಳೆಯ ಎಣ್ಣೆಯನ್ನು ಗಟಾರಕ್ಕೆ ಸುರಿಯಗೊಡಬೇಡಿ. ಅದು ಬಾವಿಯ ನೀರಿಗೆ ವಿಷ.

ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು ಮೊದಲಾದ ಶರಣರು ತಮ್ಮ ಕಾಯಕವನ್ನು ಒಳಹೊರಗು ಬಲ್ಲವರಾಗಿದ್ದರು. ತಿಳಿಯದುದನ್ನು ತಿಳಿದವರಂತೆ ನುಡಿಯುವುದು ಅವರ ದಾರಿಯಲ್ಲ. ನಾನು ಆಡಿದ ಒಂದು ಹುಸಿ ಮಾತು ತಮ್ಮನ ಮನೆಯ ಒಂದು ವರ್ಷದ ಉಳಿತಾಯವನ್ನು ನುಂಗಿತು. ಆ ವರ್ಷದ ಶುಲ್ಕದಲ್ಲಿ ಅರ್ಧವನ್ನು ನಾನು ಕಟ್ಟಲು ಹೋದಾಗ ತಮ್ಮನ ಮಡದಿ, “ಹಣ ಬೇಡ ಮಾವನವರೇ, ಮುಂದೆ ಯಾರಾದರೂ ಕೇಳಿದರೆ ಪುಸ್ತಕ ನೋಡಿ ಹೇಳಿರಿ” ಎಂದಳು. ಹಣವನ್ನು ಒತ್ತಾಯದಿಂದ ಕೊಟ್ಟು ಬಂದೆ. ಮಾತನ್ನು ಇಂದು ನಡೆಸಿಕೊಟ್ಟಿದ್ದೇನೆ.

ಈ ಸಂಚಿಕೆ ಕೈಗೆ ಬಂದ ದಿನವೇ ತಮ್ಮ ಕಾರಿನ ಕೈಪಿಡಿ ತೆರೆದು ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿರಿ. ಮುಂದಿನ ತಿಂಗಳು ಟೈರುಗಳ ಗಾಳಿಯ ವಿಚಾರ.