ಕ್ಷಯದ ಮಾತ್ರೆ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆ

ಹಲ್ಲುನೋವಿಗೆಂದು ಐದು ದಿನ ಅಮಾಕ್ಸಿಸಿಲಿನ್ ಬರೆದುಕೊಟ್ಟರೆ ಸಾಕು, ಗರ್ಭನಿರೋಧಕ ಮಾತ್ರೆ ನುಂಗುತ್ತಿರುವ ಹೆಣ್ಣುಮಗಳಿಗೆ ಅಳುಕು ಶುರುವಾಗುತ್ತದೆ. ಆ್ಯಂಟಿಬಯಾಟಿಕ್ ತೆಗೆದುಕೊಂಡರೆ ಆ ಮಾತ್ರೆ ಕೆಲಸ ಮಾಡುವುದಿಲ್ಲವಂತೆ ಎಂದು ಯಾರೋ ಹೇಳಿರುತ್ತಾರೆ. ಇದನ್ನು ನಂಬಿ ಆ್ಯಂಟಿಬಯಾಟಿಕ್ಕನ್ನು ಅರ್ಧಕ್ಕೇ ಬಿಡುವುದೂ ತಪ್ಪು, ಹೇಗಿದ್ದರೂ ಪ್ರಯೋಜನವಿಲ್ಲವೆಂದು ಗರ್ಭನಿರೋಧಕ ಮಾತ್ರೆ ನಿಲ್ಲಿಸುವುದೂ ತಪ್ಪು. ಈ ಭಯಕ್ಕೆ ನಿಜವಾಗಿ ಆಧಾರವಿರುವುದು ಬೇರೊಂದು ಔಷಧದ ವಿಷಯದಲ್ಲಿ. ನಮ್ಮ ದೇಶದಲ್ಲಿ ಅದು ಪ್ರತಿವರ್ಷ ಲಕ್ಷಾಂತರ ಮನೆಗಳನ್ನು ತಲುಪುತ್ತದೆ.

ಅದು ರಿಫಾಂಪಿಸಿನ್, ಕ್ಷಯ ಚಿಕಿತ್ಸೆಯ ಬೆನ್ನೆಲುಬು. 1970ರ ದಶಕದ ಆರಂಭದಲ್ಲಿ ಜರ್ಮನಿಯ ವೈದ್ಯರು ಒಂದು ವಿಚಿತ್ರ ಗಮನಿಸಿದರು. ಗರ್ಭನಿರೋಧಕ ಮಾತ್ರೆಯ ಜೊತೆಗೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದ ಅನೇಕ ಮಹಿಳೆಯರಿಗೆ ನಡುವೆ ನಡುವೆ ರಕ್ತಸ್ರಾವವಾಗುತ್ತಿತ್ತು. ಕೆಲವರು ಗರ್ಭಿಣಿಯರೂ ಆದರು. ಕಾರಣ ಯಕೃತ್ತಿನಲ್ಲಿತ್ತು. ಔಷಧಗಳನ್ನು ಒಡೆದು ಹೊರಹಾಕುವ ಕಿಣ್ವಗಳು ಅಲ್ಲಿವೆ. ರಿಫಾಂಪಿಸಿನ್ ಅವುಗಳ ಪ್ರಮಾಣವನ್ನೇ ಹೆಚ್ಚಿಸುತ್ತದೆ. ಸರ್ಕಾರ ಉಚಿತವಾಗಿ ಕೊಡುವ ಮಾಲಾ-ಎನ್‌ನ ಒಂದು ಮಾತ್ರೆಯಲ್ಲಿರುವ ಈಸ್ಟ್ರೋಜನ್ ಕೇವಲ 0.03 ಮಿಲಿಗ್ರಾಂ. ಕಿಣ್ವಗಳ ಅಬ್ಬರದಲ್ಲಿ ಅಷ್ಟು ಸಣ್ಣ ಪ್ರಮಾಣ ಬೇಗ ಕರಗಿಹೋಗುತ್ತದೆ, ಅಂಡೋತ್ಪತ್ತಿಯನ್ನು ತಡೆಯಲು ಬೇಕಾದಷ್ಟು ಹಾರ್ಮೋನ್ ರಕ್ತದಲ್ಲಿ ಉಳಿಯುವುದಿಲ್ಲ.

ಉಳಿದ ಆ್ಯಂಟಿಬಯಾಟಿಕ್‌ಗಳ ಮೇಲಿನ ಗುಮಾನಿ ಹುಟ್ಟಿದ್ದು ಕರುಳಿನಿಂದ. ಯಕೃತ್ತು ಸಂಸ್ಕರಿಸಿದ ಈಸ್ಟ್ರೋಜನ್‌ನಲ್ಲಿ ಒಂದು ಪಾಲು ಪಿತ್ತರಸದ ಜೊತೆ ಕರುಳಿಗೆ ಬರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಬಿಡಿಸಿಕೊಟ್ಟಾಗ ಮತ್ತೆ ರಕ್ತ ಸೇರುತ್ತದೆ. ಆ್ಯಂಟಿಬಯಾಟಿಕ್ ಆ ಬ್ಯಾಕ್ಟೀರಿಯಾಗಳನ್ನು ಕೊಂದರೆ ಹಾರ್ಮೋನ್ ಕಡಿಮೆಯಾಗಬೇಕಲ್ಲ ಎಂಬುದು ತರ್ಕ. ಕೇಳಲು ಸರಿಯಾಗಿಯೇ ಇದೆ. ಆದರೆ ಮಹಿಳೆಯರ ರಕ್ತ ಪರೀಕ್ಷಿಸಿ ನೋಡಿದಾಗ ಹಾರ್ಮೋನ್ ಮಟ್ಟದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಬ್ರಿಟನ್ನಿನ ಲೈಂಗಿಕ ಆರೋಗ್ಯ ತಜ್ಞರ ಸಂಸ್ಥೆ 2011ರಲ್ಲಿ ತನ್ನ ಹಳೆಯ ಸಲಹೆಯನ್ನು ಹಿಂತೆಗೆದುಕೊಂಡು, ಸಾಮಾನ್ಯ ಆ್ಯಂಟಿಬಯಾಟಿಕ್ ಜೊತೆ ಹೆಚ್ಚುವರಿ ಮುನ್ನೆಚ್ಚರಿಕೆ ಬೇಕಿಲ್ಲ ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯ ನಿಲುವೂ ಅದೇ. ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದ 2018ರ ಅಮೆರಿಕದ ಪರಾಮರ್ಶೆಯೂ ಇದೇ ತೀರ್ಮಾನಕ್ಕೆ ಬಂತು.

ಆದರೂ ವಾದ ಪೂರ್ತಿ ಮುಗಿದಿಲ್ಲ. ಔಷಧಗಳ ಅಡ್ಡಪರಿಣಾಮದ ಬಗ್ಗೆ ಬ್ರಿಟನ್ನಿನಲ್ಲಿ ಸಲ್ಲಿಕೆಯಾದ ದೂರುಗಳನ್ನು ಇಬ್ಬರು ಸಂಶೋಧಕರು 2020ರಲ್ಲಿ ವಿಶ್ಲೇಷಿಸಿದರು. ಇತರ ಔಷಧಗಳಿಗೆ ಹೋಲಿಸಿದರೆ ಆ್ಯಂಟಿಬಯಾಟಿಕ್ ಕುರಿತ ದೂರುಗಳಲ್ಲಿ ಅನಪೇಕ್ಷಿತ ಗರ್ಭಧಾರಣೆಯ ಪ್ರಸ್ತಾಪ 7 ಪಟ್ಟು ಹೆಚ್ಚಿತ್ತು; ಕಿಣ್ವ ಹೆಚ್ಚಿಸುವ ಔಷಧಗಳಲ್ಲಿ 13 ಪಟ್ಟು. ಸಂಖ್ಯೆ ದೊಡ್ಡದಾಗಿ ಕಂಡರೂ ಇವು ದೂರುಗಳ ಲೆಕ್ಕವೇ ಹೊರತು ಔಷಧ ಸೇವಿಸಿದ ಮಹಿಳೆಯರ ಲೆಕ್ಕವಲ್ಲ. ಗರ್ಭ ನಿಂತಾಗ ಆ್ಯಂಟಿಬಯಾಟಿಕ್ ಮೇಲೆ ಮೊದಲೇ ಅನುಮಾನವಿದ್ದವರು ಅದನ್ನೇ ದೂರುವುದು ಸಹಜ. ಹಾಗಾಗಿ ಅಮಾಕ್ಸಿಸಿಲಿನ್, ಅಜಿಥ್ರೊಮೈಸಿನ್, ಡಾಕ್ಸಿಸೈಕ್ಲಿನ್‌ನಂಥವುಗಳಿಗೆ ಅಂಜಬೇಕಿಲ್ಲ. ಧೈರ್ಯ ಸಾಲದವರು ಆ ಕೆಲವು ದಿನ ಕಾಂಡೋಮ್ ಬಳಸಿದರೆ ನಷ್ಟವೇನೂ ಇಲ್ಲ. ನಿಗಾ ಇಡಬೇಕಾದದ್ದು ವಾಂತಿ, ಭೇದಿಯ ಮೇಲೆ. ಮಾತ್ರೆ ನುಂಗಿದ ಎರಡು–ಮೂರು ಗಂಟೆಯೊಳಗೆ ವಾಂತಿಯಾದರೆ ಅಥವಾ ಭೇದಿ ಜೋರಾಗಿ ಒಂದು ದಿನ ಮೀರಿದರೆ, ಮಾತ್ರೆ ತಪ್ಪಿದಂತೆಯೇ ಲೆಕ್ಕ.

ಇಷ್ಟು ಚರ್ಚೆ ಅಮಾಕ್ಸಿಸಿಲಿನ್ ಸುತ್ತ ನಡೆದಿದ್ದು ಕ್ಷಯ ಅಪರೂಪವಾಗಿರುವ ದೇಶಗಳಲ್ಲಿ. ನಮ್ಮ ಸ್ಥಿತಿ ಬೇರೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದ್ದಾರೆ. ಸಾಮಾನ್ಯ ಕ್ಷಯಕ್ಕೆ ಕನಿಷ್ಠ ಆರು ತಿಂಗಳ ಚಿಕಿತ್ಸೆ, ಅಷ್ಟೂ ದಿನ ರಿಫಾಂಪಿಸಿನ್ ಇರುತ್ತದೆ. ನಿಲ್ಲಿಸಿದ ಮೇಲೂ ಸುಮಾರು ನಾಲ್ಕು ವಾರ ಯಕೃತ್ತಿನ ಮೇಲೆ ಅದರ ಪ್ರಭಾವ ಉಳಿಯುತ್ತದೆ. ಅಂದರೆ ಏಳು ತಿಂಗಳು ಮಾಲಾ-ಎನ್ ನಂಬುವಂತಿಲ್ಲ. ಅಷ್ಟೇ ಅಲ್ಲ, ರೋಗಿಯ ಮನೆಯವರಿಗೆ ಕ್ಷಯ ಬಾರದಂತೆ ವಾರಕ್ಕೊಮ್ಮೆಯಂತೆ 12 ವಾರ ಕೊಡುವ ಔಷಧದಲ್ಲಿರುವ ರಿಫಾಪೆಂಟಿನ್ ಕೂಡ ಇದೇ ಕುಲದ್ದು, ಇದೇ ಗುಣದ್ದು. ಮಾವನಿಗೆ ಕ್ಷಯ ಬಂದರೆ, ಆರೋಗ್ಯವಾಗಿರುವ ಸೊಸೆಯ ಗರ್ಭನಿರೋಧಕ ಮಾತ್ರೆಯೂ ಕೈಕೊಡಬಹುದು. ಆಕೆಗೆ ತಾನು ರೋಗಿ ಎಂಬ ಭಾವನೆಯೇ ಇರುವುದಿಲ್ಲವಾದ್ದರಿಂದ, ಕೇಳಬೇಕೆಂದು ಹೊಳೆಯುವುದೂ ಇಲ್ಲ.

ಕ್ಷಯದ ಮಾತ್ರೆ ಶುರುವಾದ ಮೊದಲ ದಿನಗಳಲ್ಲೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕಣ್ಣೀರು, ಬೆವರಿಗೂ ಆ ಬಣ್ಣ ಬರುವುದುಂಟು. ಅದು ರಿಫಾಂಪಿಸಿನ್ನಿನ ಗುರುತು. ರೋಗಿ ಗಾಬರಿಯಾಗಿ ಮಾತ್ರೆ ಬಿಡಬಾರದೆಂದು ಆರೋಗ್ಯ ಕಾರ್ಯಕರ್ತರು ಇದನ್ನು ಮೊದಲೇ ಹೇಳಿರುತ್ತಾರೆ. ಮೂತ್ರದ ಬಣ್ಣದ ಮಾತು ಬಂದ ಆ ಗಳಿಗೆಯಲ್ಲೇ ಇನ್ನೊಂದು ಮಾತೂ ಬರಬೇಕು: ‘ಮಕ್ಕಳಾಗದಂತೆ ಏನಾದರೂ ಮಾತ್ರೆ ತಗೊಳ್ತಿದ್ದೀರೇನಮ್ಮ?’

ಈ ಪ್ರಶ್ನೆಯನ್ನು ಗಂಡನ, ಅತ್ತೆಯ ಎದುರು ಕೇಳುವಂತಿಲ್ಲ. ಎಷ್ಟೋ ಹೆಣ್ಣುಮಕ್ಕಳು ಗರ್ಭನಿರೋಧಕ ಮಾತ್ರೆಯನ್ನು ಮನೆಯವರಿಂದ ಬಚ್ಚಿಟ್ಟು ನುಂಗುತ್ತಾರೆ. ಕ್ಷಯವನ್ನೂ ಕೆಲವರು ಹಾಗೆಯೇ ಮುಚ್ಚಿಡುತ್ತಾರೆ. ಹಳ್ಳಿಗಳಲ್ಲಿ ಗರ್ಭನಿರೋಧಕ ಮಾತ್ರೆಯನ್ನು ಮನೆಗೆ ತಲುಪಿಸುವವರು ಆಶಾ ಕಾರ್ಯಕರ್ತೆಯರು. ಕ್ಷಯದ ಮಾತ್ರೆ ತಪ್ಪದಂತೆ ನೋಡಿಕೊಳ್ಳುವವರೂ ಅನೇಕ ಕಡೆ ಅವರೇ. ಎರಡೂ ಗೊತ್ತಿರುವುದು ಅವರೊಬ್ಬರಿಗೇ ಇರಬಹುದು. ಅವರ ತರಬೇತಿಯಲ್ಲಿ ಇದಕ್ಕೆ ಒಂದು ಗಂಟೆ ಮೀಸಲಿಟ್ಟರೂ ಸಾಕು.

ಪರ್ಯಾಯಗಳಿಗೆ ಬರವಿಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದಿನ ಶಕ್ತಿಯನ್ನು ರಿಫಾಂಪಿಸಿನ್ ಕುಂದಿಸುವುದಿಲ್ಲ. ಕಾಪರ್-ಟಿಗೂ ಅದರ ಕಾಟವಿಲ್ಲ. ಗರ್ಭಕೋಶದ ಭಾಗದಲ್ಲೇ ಕ್ಷಯವಿರುವವರಿಗೆ ಮಾತ್ರ ಅದನ್ನು ಅಳವಡಿಸಬಾರದು. ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಇಂಥ ಪರ್ಯಾಯ ಬೇಕಾದವರು ಕ್ಷಯದ ಔಷಧ ನುಂಗುವವರಷ್ಟೇ ಅಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ರಿಫಾಂಪಿಸಿನ್‌ನಂತೆಯೇ ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸುತ್ತವೆ. ಅವನ್ನು ನುಂಗುವವರು ವರ್ಷಗಟ್ಟಲೆ ನುಂಗುತ್ತಾರೆ.

ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮದ ರೂಪುರೇಷೆ ಸಿದ್ಧವಾದದ್ದು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ, 1960ರ ದಶಕದಲ್ಲಿ. ರೋಗಿ ಮನೆಯಲ್ಲೇ ಇದ್ದು ಗುಣವಾಗಬೇಕೆಂಬುದು ಆ ಕಾರ್ಯಕ್ರಮದ ತಿರುಳು. ಮನೆಯಲ್ಲಿದ್ದು ಗುಣವಾಗುವ ಹೆಣ್ಣಿಗೆ ಸಂಸಾರವೂ ಇರುತ್ತದೆ. ಕರ್ನಾಟಕದ ಆರೋಗ್ಯ ಇಲಾಖೆ ಪ್ರತಿ ಕ್ಷಯ ಚಿಕಿತ್ಸಾ ಕಾರ್ಡಿನಲ್ಲಿ, ಪ್ರತಿ ಕ್ಷಯ ತಡೆ ಔಷಧದ ಪಟ್ಟಿಯಲ್ಲಿ ಗರ್ಭನಿರೋಧಕದ ಬಗ್ಗೆ ಒಂದು ಸಾಲು ಕಡ್ಡಾಯ ಮಾಡಲಿ. ಅದಕ್ಕೆ ಹೊಸ ಔಷಧವಾಗಲಿ ಹೊಸ ಯೋಜನೆಯಾಗಲಿ ಬೇಕಿಲ್ಲ. ಖಾಸಗಿ ವೈದ್ಯರೂ ರಿಫಾಂಪಿಸಿನ್ ಬರೆಯುವ ಮುನ್ನ ಆ ಒಂದು ಪ್ರಶ್ನೆಯನ್ನು ಕೇಳಲಿ.