ಮರಳ ಹಾದಿಯ ಸುತ್ತು

ಊರಿನಿಂದ ಊರಿಗೆ ಹೋಗುವವರು ನೇರವಾದ ಹಾದಿಯನ್ನೇ ಹಿಡಿಯಬೇಕೆಂಬುದು ಹಿರಿಯರ ಮಾತು. ಕೊಂಚ ಸುತ್ತಿಕೊಂಡು ಹೋದರೆ ಕಣ್ಣಿಗೆ ಹಬ್ಬವೆಂಬುದು ಕಿರಿಯರ ಮಾತು. ಇವೆರಡರಲ್ಲಿ ಯಾವುದು ಸರಿಯೆಂದು ನಮ್ಮನ್ನು ಕೇಳಿದರೆ, ಸಂಗಡ ಯಾರು ಯಾರು ಇದ್ದಾರೆಂಬುದನ್ನು ಮೊದಲು ನೋಡಬೇಕೆಂದು ಈಗ ಹೇಳುವೆವು. ಈ ತಿಳಿವಳಿಕೆ ನಮಗೆ ಪುಸ್ತಕದಿಂದ ಬಂದುದಲ್ಲ. ಕಳೆದ ಬೇಸಗೆಯಲ್ಲಿ ತಲಕಾಡಿನ ಮರಳಿನ ಮೇಲೆ ಬಂದುದು. ಅದನ್ನು ವಾಚಕರ ಮುಂದೆ ಮುಚ್ಚುಮರೆಯಿಲ್ಲದೆ ಇಡುತ್ತೇವೆ.

ನಮ್ಮ ಪಿರಿಯಾಪಟ್ಟಣದ ಒಂದೇ ಬೀದಿಯ ನಾಲ್ಕು ಮನೆಗಳವರು, ಹದಿನಾರು ಮಂದಿ, ಸಣ್ಣದೊಂದು ಬಸ್ಸನ್ನು ಬಾಡಿಗೆಗೆ ಗೊತ್ತುಮಾಡಿಕೊಂಡು ಮಲೆ ಮಹದೇಶ್ವರನ ಬೆಟ್ಟಕ್ಕೆ ಹೊರಟೆವು. ಹುಣಸೂರು, ಮೈಸೂರು, ತಿರುಮಕೂಡಲು ನರಸೀಪುರ, ಕೊಳ್ಳೇಗಾಲ, ಹನೂರು, ಇದು ಹಾದಿ. ಸಂಜೆ ದೇವಸ್ಥಾನದ ಸುತ್ತ ಎಳೆಯುವ ಚಿನ್ನದ ತೇರಿನ ಹೊತ್ತಿಗೆ ಬೆಟ್ಟವನ್ನು ಸೇರಬೇಕೆಂಬುದು ಗೊತ್ತುಪಾಡು. ಒಬ್ಬರು ಎದ್ದುದು ತಡ, ಇನ್ನೊಬ್ಬರು ಮೈಸೂರಿನಲ್ಲಿ ಹಣ್ಣು ಕೊಂಡುದು ತಡ. ಅಂತೂ ನರಸೀಪುರದಲ್ಲಿ ಕಾವೇರಿ ಕಪಿಲೆಯರ ಸಂಗಮವನ್ನು ಕಾಣುವಾಗ ಹನ್ನೊಂದು ಗಂಟೆಯಾಗಿತ್ತು.

ಅಲ್ಲಿ ಹುಡುಗರು ಗಲಭೆ ಎಬ್ಬಿಸಿದರು. ತಲಕಾಡು ಇಲ್ಲಿಗೆ ಹತ್ತಿರವಂತೆ, ಮರುಭೂಮಿಯ ಹಾಗಿದೆಯಂತೆ, ನೋಡಿಕೊಂಡೇ ಹೋಗೋಣ ಎಂದರು. ಒಬ್ಬ ಹುಡುಗ ಮೊಬೈಲಿನಲ್ಲಿ ನಕ್ಷೆಯನ್ನು ತೆಗೆದು ತೋರಿಸಿದ. ಬಸ್ಸು ನಡೆಸುವಾತ ಮಾತ್ರ, “ಮೇಷ್ಟ್ರೇ, ಘಾಟಿ ರಸ್ತೆ. ಕತ್ತಲಾಗೋ ಮುಂಚೆ ಹತ್ತಿದರೆ ಒಳ್ಳೇದು” ಎಂದ. ಎಲ್ಲರೂ ನಮ್ಮ ಮುಖವನ್ನು ನೋಡಿದರು. ಮೂವತ್ತು ವರ್ಷ ತರಗತಿಯಲ್ಲಿ ತಲಕಾಡಿನ ಕಥೆಯನ್ನು ಹೇಳಿದ ನಮಗೆ ಆ ಮರಳಿನ ಮೇಲೆ ನಿಂತು ಹೇಳುವ ಆಸೆ ಹುಟ್ಟಿತು. “ಒಂದೇ ಗಂಟೆ” ಎಂದು ಮಾತು ಕೊಟ್ಟೆವು. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ನೆರೆಮನೆಯ ಅಜ್ಜಿಯವರು ಏನೂ ಹೇಳಲಿಲ್ಲ. ಎಪ್ಪತ್ತೈದು ದಾಟಿದವರು, ನಮಗೂ ಹಿರಿಯರು. “ಮೌನಂ ಸಮ್ಮತಿಲಕ್ಷಣಂ” ಎಂದು ನಾವು ನಗುತ್ತ ನುಡಿದೆವು, ಬಸ್ಸು ತಿರುಗಿತು.

ತಲಕಾಡು ನಿಜವಾಗಿ ಮರುಭೂಮಿಯಲ್ಲ. ಮರುಭೂಮಿಯೆಂದರೆ ಮಳೆಯೇ ಅಪರೂಪವಾದ ನಾಡು. ಇಲ್ಲಿಯಾದರೋ ಮಗ್ಗುಲಲ್ಲೇ ಕಾವೇರಿ, ಆಚೆಗೆ ಬತ್ತದ ಗದ್ದೆ. ಆ ಹಸುರಿನ ನಡುವೆ ಎದ್ದ ಮರಳ ದಿಬ್ಬಗಳನ್ನು ಕಂಡವರಿಗೆ ಬೆರಗಾಗದೆ ಇರದು. ತಲವನಪುರವೆಂಬ ಹೆಸರಿನಿಂದ ಇದು ಗಂಗರ ರಾಜಧಾನಿಯಾಗಿತ್ತು. ಹನ್ನೊಂದನೆಯ ಶತಮಾನದ ಮೊದಲಲ್ಲಿ ಚೋಳರ ಕೈಸೇರಿತು. ಅವರಿಂದ ಗೆದ್ದುಕೊಂಡ ಹೊಯ್ಸಳ ವಿಷ್ಣುವರ್ಧನನು ತಲಕಾಡುಗೊಂಡನೆಂಬ ಬಿರುದನ್ನು ಧರಿಸಿ, 1117ರ ಸುಮಾರಿನಲ್ಲಿ ಇಲ್ಲಿ ಕೀರ್ತಿನಾರಾಯಣನ ಗುಡಿಯನ್ನು ಕಟ್ಟಿಸಿದನು. ಆ ಪಟ್ಟಣದ ಬಹುಭಾಗ ಮರಳಿನ ಕೆಳಗೆ ಹೋಯಿತು. ಪಾತಾಳೇಶ್ವರನ ದರ್ಶನಕ್ಕೆ ಇಂದಿಗೂ ಮೆಟ್ಟಿಲಿಳಿದು ಹೋಗಬೇಕು.

ಈ ಮರಳು ಎಲ್ಲಿಂದ ಬಂದಿತು? ಐತಿಹ್ಯವು ಹೇಳುವುದು ಒಂದು. 1610ರಲ್ಲಿ ಶ್ರೀರಂಗಪಟ್ಟಣವು ರಾಜ ಒಡೆಯರ ವಶವಾಯಿತು. ಅಲ್ಲಿ ಆಳುತ್ತಿದ್ದ ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮನಲ್ಲಿದ್ದ ಒಡವೆಗಳನ್ನು ತರಲು ಭಟರು ಬಂದಾಗ, ಆಕೆ ತಲಕಾಡು ಮರಳಾಗಲೆಂದೂ ಎದುರು ದಡದ ಮಾಲಂಗಿ ಮಡುವಾಗಲೆಂದೂ ಮೈಸೂರಿನ ದೊರೆಗಳಿಗೆ ಸಂತಾನವಿಲ್ಲದೆ ಹೋಗಲೆಂದೂ ಶಪಿಸಿ ಕಾವೇರಿಗೆ ಹಾರಿದಳಂತೆ. ವಿದ್ವಾಂಸರು ಹೇಳುವುದು ಇನ್ನೊಂದು. ಕೃಷಿ ವಿಜ್ಞಾನಿಗಳೂ ಕನ್ನಡದ ಕಥೆಗಾರರೂ ಆದ ಕೆ. ಎನ್. ಗಣೇಶಯ್ಯನವರು 2007ರಲ್ಲಿ ಈ ಶಾಪದ ಕಥೆಯನ್ನು ವಿಜ್ಞಾನದ ಕಣ್ಣಿನಿಂದ ಪರೀಕ್ಷಿಸಿ ಬರೆದರು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿಯು ಇಲ್ಲಿಗೆ ಸಮೀಪದಲ್ಲಿ ಕಾವೇರಿಗೆ ಕಟ್ಟಿಸಿದ ಅಣೆಕಟ್ಟೆಯೇ ಕಾರಣವಾಗಿರಬೇಕೆಂದು ಅವರ ಅಭಿಪ್ರಾಯ. ಹರಿವು ತಗ್ಗಿ ಹೊಳೆಯ ಪಾತ್ರದ ಮರಳು ಬಿಸಿಲಿಗೆ ಒಣಗಿ ಬಯಲಾಯಿತು. ಗಾಳಿ ಅದನ್ನು ಎತ್ತಿ ದಡದ ಊರಿನ ಮೇಲೆ ಸುರಿಯಿತು. ರೈಸ್ ದೊರೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದ ಮೈಸೂರಿನ ಗೆಜೆಟಿಯರಿನಲ್ಲಿ, ದಿಬ್ಬಗಳು ವರ್ಷಕ್ಕೆ ಒಂಬತ್ತು ಹತ್ತು ಅಡಿ ಮುಂದೆ ಸರಿಯುತ್ತಿದ್ದುವೆಂದೂ, ಜನರು ಮನೆಗಳನ್ನು ಬಿಟ್ಟು ಹಿಂದೆ ಹಿಂದೆ ಹೋಗಬೇಕಾಯಿತೆಂದೂ ಇದೆ.

ಇದನ್ನೆಲ್ಲ ನಾವು ದಿಬ್ಬದ ಮೇಲೆ ನಿಂತು ಹೇಳಿದೆವು. ಹುಡುಗರು ಮರಳನ್ನು ಮೊಳಕೈವರೆಗೆ ತೋಡಿ, ಮೇಲೆ ಕೆಂಡದಂತಿರುವುದು ಒಳಗೆ ತಣ್ಣಗಿರುವುದನ್ನು ಕಂಡು ಕುಣಿದರು. ಒಣಮರಳಿನ ಕಣಗಳ ನಡುವೆ ಗಾಳಿ ನಿಂತಿರುವುದರಿಂದ ಬಿಸಿಯು ಬೇಗ ಕೆಳಗಿಳಿಯದೆಂದು ವಿವರಿಸಿದೆವು. ಅಷ್ಟಕ್ಕೂ ಬಿಡದೆ ಮಹಾಭಾರತದ ವನಪರ್ವದ ಯವಕ್ರೀತನ ಕಥೆಯನ್ನು ತೆಗೆದೆವು. ಗುರುವಿಲ್ಲದೆ ತಪಸ್ಸಿನಿಂದಲೇ ವೇದವನ್ನು ಪಡೆಯಹೊರಟ ಆತನಿಗೆ ಬುದ್ಧಿ ಕಲಿಸಲು ಇಂದ್ರನು ಮುದಿ ಬ್ರಾಹ್ಮಣನ ವೇಷದಿಂದ ಬಂದು, ಹಿಡಿ ಹಿಡಿ ಮರಳನ್ನು ಗಂಗೆಗೆ ಎಸೆದು ಸೇತುವೆ ಕಟ್ಟತೊಡಗಿದನು. ಇಂದ್ರನ ಮರಳು ಗಂಗೆಯನ್ನು ಮುಚ್ಚಲಿಲ್ಲ. ಕಾವೇರಿಯ ಮರಳು ಮಾತ್ರ ಕಣ ಕಣವಾಗಿ ಪಟ್ಟಣವನ್ನೇ ಮುಚ್ಚಿತಲ್ಲ ಎಂದು ನಾವು ನಮ್ಮ ಮಾತಿಗೆ ನಾವೇ ಮೆಚ್ಚಿಕೊಳ್ಳುತ್ತಿದ್ದೆವು.

ಅಷ್ಟರಲ್ಲಿ ಹಿಂದಿನಿಂದ, “ಅಯ್ಯೋ, ಅಜ್ಜಿ!” ಎಂಬ ಕೂಗು ಕೇಳಿಸಿತು. ಅಜ್ಜಿಯವರು ಬಸ್ಸಿನಲ್ಲಿಯೇ ಉಳಿದಿರುವರೆಂದು ನಾವು ತಿಳಿದಿದ್ದೆವು. ಎಲ್ಲರೂ ಇಳಿದ ಮೇಲೆ ತಾವೊಬ್ಬರೇ ಕುಳಿತರೆ ಚೆನ್ನಲ್ಲವೆಂದು ಅವರೂ ಬರಿಗಾಲಿನಲ್ಲಿ ನಮ್ಮ ಹಿಂದೆಯೇ ದಿಬ್ಬವನ್ನು ಹತ್ತಿದ್ದರು. ನಮ್ಮ ಕಥೆ ಮುಗಿಯುವವರೆಗೂ ಬಿಸಿಲಿನಲ್ಲಿ ನಿಂತಿದ್ದರು. ಈಗ ಕಣ್ಣು ಕತ್ತಲಿಟ್ಟು ಕುಸಿದಿದ್ದರು. ಇಬ್ಬರು ಹುಡುಗರು ಎತ್ತಿಕೊಂಡು ಬಂದು ಮರದ ನೆರಳಿನಲ್ಲಿ ಮಲಗಿಸಿದರು. ಮುಖಕ್ಕೆ ನೀರು ತಟ್ಟಿ, ಒದ್ದೆಬಟ್ಟೆಯನ್ನು ಕತ್ತಿಗೆ ಸುತ್ತಿ, ಸೆರಗಿನಿಂದ ಗಾಳಿ ಬೀಸಿದ ಮೇಲೆ ಕಣ್ಣು ಬಿಟ್ಟರು. ಬುತ್ತಿಯ ಮೊಸರನ್ನವನ್ನು ಕೊಡಹೋದರೆ ಬೇಡವೆಂದು ಕೈಯಾಡಿಸಿದರು. ಆಗ ಅವರ ಸೊಸೆ ಅಳುತ್ತ ನಿಜವನ್ನು ಹೇಳಿದಳು. ಮೊಮ್ಮಗನಿಗೆ ಕಾಯಿಲೆಯಾದಾಗ ಅಜ್ಜಿ ಹರಕೆ ಹೊತ್ತಿದ್ದರು: ಬೆಟ್ಟಕ್ಕೆ ಹೊರಟ ದಿನ ಮಹದೇಶ್ವರನ ಚಿನ್ನದ ತೇರನ್ನು ಕಂಡ ಮೇಲೆಯೇ ಊಟ. ಬೆಳಗಿನಿಂದ ಒಂದು ಲೋಟ ನೀರಿನ ಹೊರತು ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ನಮಗೆ ಮಾತು ಹೊರಡಲಿಲ್ಲ. ವೈದ್ಯರ ಬಳಿಗೆ ಕರೆದೊಯ್ಯುವೆವೆಂದರೆ ಅಜ್ಜಿ ಒಪ್ಪಲಿಲ್ಲ, ಆದರೂ ಕರೆದೊಯ್ದೆವು. ಬಿಸಿಲಿನ ಆಯಾಸ, ಹೊಟ್ಟೆಗೆ ದ್ರವ ಪದಾರ್ಥ ಬೀಳಲೇಬೇಕು, ಎಂದರು ವೈದ್ಯರು. ಎಳನೀರಿನಿಂದ ಉಪವಾಸಕ್ಕೆ ಭಂಗವಿಲ್ಲವೆಂದು ನಾವು ಹೇಳಿದೆವು. “ನೀವು ಓದಿದೋರು, ನೀವು ಹೇಳಿದ ಮೇಲಾಯ್ತು ಮೇಷ್ಟ್ರೇ” ಎಂದು ಅಜ್ಜಿ ಎರಡು ಎಳನೀರು ಕುಡಿದರು. ಅಂದು ನಮ್ಮ ಸಂಸ್ಕೃತದಿಂದ ಆದ ಉಪಯೋಗ ಇಷ್ಟೇ.

ತಲಕಾಡನ್ನು ಬಿಡುವಾಗ ಮೂರೂವರೆ. ಘಾಟಿಯನ್ನು ಕತ್ತಲಲ್ಲಿಯೇ ಹತ್ತಬೇಕಾಯಿತು. ಬೆಟ್ಟವನ್ನು ಸೇರುವಾಗ ತೇರು ತನ್ನ ಮನೆಯನ್ನು ಸೇರಿತ್ತು. ಅಜ್ಜಿಯವರು ಗೋಪುರದ ಕಡೆಗೆ ಕೈಮುಗಿದು, ಹಾಲು ಹಣ್ಣು ಮಾತ್ರ ತೆಗೆದುಕೊಂಡು ಮಲಗಿದರು. ಮರುದಿನ ಸಂಜೆಯವರೆಗೆ ಬಳಗವೆಲ್ಲ ಬೆಟ್ಟದ ಮೇಲೆಯೇ ನಿಂತಿತು. ಒಬ್ಬರಿಗೆ ಅಂಗಡಿ, ಇನ್ನೊಬ್ಬರಿಗೆ ಕಚೇರಿ. ಆದರೂ ಯಾರೂ ಗೊಣಗಲಿಲ್ಲ. ಬಸ್ಸಿನ ಒಂದು ದಿನದ ಹೆಚ್ಚಿನ ಬಾಡಿಗೆಯನ್ನು ನಾವು ಕೊಟ್ಟೆವು; ತೇರು ಹೊರಡುವವರೆಗೆ ನಾವೂ ಊಟವನ್ನು ಬಿಟ್ಟೆವು. ಇದನ್ನು ಹೇಳುವುದು ಹಿರಿಮೆಗಲ್ಲ. ತಪ್ಪಿಗೆ ಅದು ಸಾಲದೆಂದು ನಮಗೇ ಗೊತ್ತು.

ತೇರು ಸುತ್ತು ಬಂದ ಮೇಲೆ ಅಜ್ಜಿಯವರ ಸಂಗಡ ಪ್ರಸಾದಕ್ಕೆ ಕುಳಿತಾಗ, “ತಾಯೀ, ನರಸೀಪುರದಲ್ಲಿಯೇ ಒಂದು ಮಾತು ಹೇಳಬಾರದಾಗಿತ್ತೆ?” ಎಂದೆವು. “ಮಕ್ಕಳು ಆಸೆಪಟ್ಟವು. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆ ಅಲಮೇಲಮ್ಮನ್ನೂ ಯಾರೂ ಕೇಳಿರಲಿಲ್ಲ ಅನ್ನಿ” ಎಂದು ನಕ್ಕರು. ಬಿಸಿಲಿನಲ್ಲಿ ನಿಂತು ಕಥೆಯನ್ನು ಅವರಷ್ಟು ಚೆನ್ನಾಗಿ ಕೇಳಿದವರು ಬೇರೆ ಯಾರೂ ಇರಲಿಲ್ಲವೆಂದು ಆಗ ತಿಳಿಯಿತು.

ಸುತ್ತುಹಾದಿಯನ್ನು ಹಿಡಿಯಬಾರದೆಂದು ನಾವು ಹೇಳುವುದಿಲ್ಲ. ಆ ಮರಳನ್ನು ಕಾಣದೆ ಹೋಗಿದ್ದರೆ ಮಕ್ಕಳಿಗೆ ಅಷ್ಟು ನಷ್ಟವೇ. ಆದರೆ ನೋಡಬೇಕೆಂದಿದ್ದರೆ ಮನೆಯಲ್ಲಿಯೇ ಗೊತ್ತುಮಾಡಿ, ಬೆಳಗಿನ ತಂಪಿನಲ್ಲಿ ಸೇರುವಂತೆ ಹೊರಡಬೇಕು. ಒಂದು ಗಂಟೆಯೆಂದುದನ್ನು ಮೂರೆಂದು ಎಣಿಸಬೇಕು. ನೀರನ್ನು ಬಸ್ಸಿನಲ್ಲಿ ಬಿಡದೆ ಕೈಯಲ್ಲಿ ಹಿಡಿದಿರಬೇಕು. ಎಲ್ಲಕ್ಕಿಂತ ಮೊದಲು, ಬಳಗದಲ್ಲಿ ಅತ್ಯಂತ ಹಿರಿಯರು ಯಾರೋ ಅವರ ಬಳಿಗೆ ಹೋಗಿ, ಪಕ್ಕದಲ್ಲಿ ಕುಳಿತು, “ನಿಮಗೆ ಹೇಗೆ?” ಎಂದು ಬಾಯಿಬಿಟ್ಟು ಕೇಳಬೇಕು. ಮೌನವು ಸಮ್ಮತಿಯ ಲಕ್ಷಣವೆಂಬುದನ್ನು ನಾವು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೆ. ನಮ್ಮ ಮನೆಗಳ ಹಿರಿಯ ಹೆಂಗಸರ ಮಟ್ಟಿಗೆ ಅದು ಬಹುಸಾರಿ ಸಂಕೋಚದ ಲಕ್ಷಣ. ಈ ತಿದ್ದುಪಡಿಯನ್ನು ಆ ಹಳೆಯ ಶಿಷ್ಯರಲ್ಲಿ ಯಾರಾದರೂ ಓದಿದರೆ, ತಮ್ಮ ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳಲಿ.